ಅಲುಗಿದ ಮೇಲೆ ನಿಲ್ಲುವುದು

ಯಾರ ಕಣ್ಣಿಗೂ ಬೀಳದ, ಯಾರ ಕೈಗೂ ಎಟುಕದ, ಇದೆಯೋ ಇಲ್ಲವೋ ಎಂದು ಬಲ್ಲವರೇ ಅನುಮಾನಿಸುತ್ತಿದ್ದ ವಸ್ತುವೊಂದಕ್ಕೆ ಪೆಟ್ಟು ಬಿದ್ದರೆ ಅದು ಉಳಿಯುತ್ತದೆಯೇ, ಅಳಿಯುತ್ತದೆಯೇ? ಹೊಟ್ಟೆಪಾಡಿಗೂ ಹೆಸರಿಗೂ ಒದಗದ ಇಂಥ ಪ್ರಶ್ನೆಯನ್ನು ಮೂವತ್ತು ತುಂಬದ ಕನ್ನಡಿಗರೊಬ್ಬರು ಹೊತ್ತುಕೊಂಡು ಕುಳಿತರು. ಅವರು ಸಿ.ವಿ. ವಿಶ್ವೇಶ್ವರ. ಹುಟ್ಟಿದ್ದು ಬೆಂಗಳೂರಿನಲ್ಲಿ, 1938ರ ಮಾರ್ಚ್ 6ರಂದು. ತಂದೆ ಸಿ.ಕೆ. ವೆಂಕಟರಾಮಯ್ಯ ಕನ್ನಡದ ಲೇಖಕರು, 1947ರ ಹರಪನಹಳ್ಳಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಆ ಮನೆಯ ಮಗ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ, ಅಮೆರಿಕಕ್ಕೆ ಹೋಗಿ, ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಮಿಸ್ನರ್ ಅವರ ಶಿಷ್ಯರಾಗಿ ಈ ಪ್ರಶ್ನೆಯನ್ನು ಎತ್ತಿಕೊಂಡಾಗ, ‘ಬ್ಲ್ಯಾಕ್ ಹೋಲ್’ ಎಂಬ ಹೆಸರು ಕೂಡ ಬಳಕೆಗೆ ಬಂದಿರಲಿಲ್ಲ. ಹೆಸರೇ ಇಲ್ಲದ ವಸ್ತುವಿನ ಆಯುಷ್ಯವನ್ನು ಅವರು ಲೆಕ್ಕ ಹಾಕುತ್ತಿದ್ದರು.

ಇದು ನಮಗೇಕೆ ಬೇಕು? ಶ್ರೀರಂಗಪಟ್ಟಣ, ಪಾಂಡವಪುರದ ಬಯಲಿನಲ್ಲಿ ಭತ್ತ, ಕಬ್ಬು ಬೆಳೆಯುವವರು ನಾವು. ಮಳೆಗಾಲ ಹಿಡಿಯಿತೆಂದರೆ ಪತ್ರಿಕೆ ಬಿಡಿಸಿ ಮೊದಲು ನೋಡುವುದು ಕನ್ನಂಬಾಡಿ ಕಟ್ಟೆಯ ಮಟ್ಟವನ್ನು, 124.80 ಅಡಿ ಮುಟ್ಟಿತೆಂದು ಕಂಡ ದಿನ ನಮ್ಮ ಮನಸ್ಸೂ ತುಂಬುತ್ತದೆ. ಕೆ.ಆರ್. ಪೇಟೆಯವರಿಗೆ ಹೇಮಾವತಿಯ ನಾಲೆಯ ಚಿಂತೆ, ನಾಗಮಂಗಲದ ಕಡೆಯವರಿಗೆ ಮೋಡ ನೋಡಿಕೊಂಡು ರಾಗಿ ಬಿತ್ತುವ ಚಿಂತೆ. ಇಂಥ ನೆಲದಲ್ಲಿ ನಿಂತು ಕೋಟ್ಯಂತರ ಜ್ಯೋತಿರ್ವರ್ಷ ಆಚೆಯ ಕತ್ತಲನ್ನು ಕುರಿತು ಯೋಚಿಸುವುದು ಪುರುಸೊತ್ತಿನ ಮಾತಲ್ಲವೇ ಎಂದು ಯಾರಾದರೂ ಕೇಳಬಹುದು. ಕೇಳಲಿ. ಆದರೆ ಇದೇ ನೆಲದ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಹುಟ್ಟಿದ ಎ.ಎನ್. ಮೂರ್ತಿರಾಯರು ತೊಂಬತ್ತು ದಾಟಿದ ಮೇಲೆ ‘ದೇವರು’ ಎಂಬ ಪುಸ್ತಕವನ್ನು ಪ್ರಕಟಿಸಿದರು. ಆ ವಯಸ್ಸಿನಲ್ಲಿ ಅವರಿಗೆ ದೇವರಿದ್ದಾನೆಯೇ ಎಂಬ ಪ್ರಶ್ನೆಯಿಂದ ಆಗಬೇಕಾದ ಲಾಭವೇನಿತ್ತು? ಲಾಭವಿಲ್ಲದ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಕೇಳುವುದು ಈ ಸೀಮೆಗೆ ಹೊಸದೇನಲ್ಲ. ವಿಶ್ವೇಶ್ವರರ ಪ್ರಶ್ನೆಯೂ ಆ ಜಾತಿಯದೇ. ಅದನ್ನು ಸ್ವಲ್ಪ ಸಾವಧಾನವಾಗಿ ನೋಡೋಣ.

1915ರಲ್ಲಿ ಐನ್‌ಸ್ಟೈನ್ ಗುರುತ್ವದ ಹೊಸ ಸಿದ್ಧಾಂತ ಕೊಟ್ಟರು. ಯುದ್ಧಭೂಮಿಯಲ್ಲಿದ್ದ ಕಾರ್ಲ್ ಶ್ವಾರ್ಜ್‌ಶೀಲ್ಡ್ ಕೆಲವೇ ವಾರಗಳಲ್ಲಿ ಅದರ ಸಮೀಕರಣಗಳಿಗೆ ಒಂದು ಪರಿಹಾರ ಕಂಡುಹಿಡಿದರು. ಆ ಪರಿಹಾರದ ಒಡಲಲ್ಲೇ ಕಪ್ಪುಕುಳಿ ಅಡಗಿತ್ತು: ಬೆಳಕೂ ಹೊರಬರಲಾರದ ಒಂದು ಎಲ್ಲೆ. ಆದರೆ ಕಾಗದದ ಮೇಲೆ ಸಿದ್ಧವಾದದ್ದೆಲ್ಲ ಪ್ರಕೃತಿಯಲ್ಲಿ ಬಾಳಬೇಕೆಂದೇನಿದೆ? ಒಂದು ಸಣ್ಣ ಅಲೆ ಬಂದು ತಾಗಿದರೆ, ಒಂದು ಹಿಡಿ ದೂಳು ಬಂದು ಬಿದ್ದರೆ, ಆ ಅಲುಗಾಟ ಬೆಳೆದು ಬೆಳೆದು ಅದನ್ನೇ ಚೂರು ಮಾಡುವುದಾದರೆ ಅಂಥ ವಸ್ತು ಲೋಕದಲ್ಲಿ ಇರಲು ಸಾಧ್ಯವೇ ಇಲ್ಲ. ಏಕೆಂದರೆ ಅಲುಗಿಸದೆ ಬಿಡುವ ಲೋಕ ಎಲ್ಲಿದೆ? ಈ ಪರೀಕ್ಷೆಯನ್ನು 1957ರಲ್ಲಿ ತುಲ್ಲಿಯೊ ರೆಜ್ಜೆ ಮತ್ತು ಜಾನ್ ವೀಲರ್ ಆರಂಭಿಸಿದ್ದರು. ಅದನ್ನು ಗಟ್ಟಿ ನೆಲಕ್ಕೆ ತಂದು ನಿಲ್ಲಿಸಿದ್ದು ವಿಶ್ವೇಶ್ವರರ 1968ರ ಪಿಎಚ್.ಡಿ. ಕೆಲಸ. ಶ್ವಾರ್ಜ್‌ಶೀಲ್ಡ್ ಕಪ್ಪುಕುಳಿಯನ್ನು ಅಲುಗಿಸಿದರೆ ಅಲುಗಾಟ ಬೆಳೆಯುವುದಿಲ್ಲ, ಕುಗ್ಗುತ್ತದೆ. ಆ ವಸ್ತು ಸ್ಥಿರ ಎಂದು ಅವರು ತೋರಿಸಿದರು. ಇದೆಯೋ ಇಲ್ಲವೋ ಎಂದು ಹೇಳಲಿಲ್ಲ. ಇದ್ದರೆ ಬಾಳಬಲ್ಲದು ಎಂದು ಹೇಳಿದರು. ಎಷ್ಟು ಸಂಯಮದ ಮಾತು!

ಅಷ್ಟಕ್ಕೇ ನಿಲ್ಲಿಸಿದ್ದರೆ ಅದೊಂದು ಒಳ್ಳೆಯ ಪ್ರಬಂಧವಾಗಿ ಉಳಿಯುತ್ತಿತ್ತು. ಅವರ ಮನಸ್ಸು ಮುಂದಿನ ಪ್ರಶ್ನೆಗೆ ಹೋಯಿತು. ಕಪ್ಪುಕುಳಿ ಬಾಳಬಲ್ಲದಾದರೆ, ಅದು ಇದೆ ಎಂದು ತಿಳಿಯುವುದು ಹೇಗೆ? ಬೆಳಕು ಬಿಡದ್ದನ್ನು ನೋಡುವುದು ಹೇಗೆ? ಅವರು ಕಂಡುಕೊಂಡ ದಾರಿ ನಮ್ಮ ಸಂತೆಗಳಲ್ಲಿ ಎಲ್ಲರಿಗೂ ಗೊತ್ತಿರುವ ದಾರಿ.

ಕೆ.ಆರ್. ಪೇಟೆಯ ಸಂತೆಯಲ್ಲಿ ಮಡಕೆ ಕೊಳ್ಳಲು ಬಂದ ಹೆಂಗಸನ್ನು ನೆನೆದುಕೊಳ್ಳಿ. ರಾಶಿಯಿಂದ ಒಂದನ್ನು ಆಯ್ದು, ಎಡಗೈಯಲ್ಲಿ ಕಂಠ ಹಿಡಿದು ಎತ್ತಿ, ಬಲಗೈ ಬೆರಳಿನ ಗೆಣ್ಣಿನಿಂದ ಹೊಟ್ಟೆಯ ಮೇಲೆ ಒಮ್ಮೆ ತಟ್ಟಿ, ಕಿವಿಯನ್ನು ಹತ್ತಿರ ತರುತ್ತಾಳೆ. ಕಂಚಿನಂತೆ ದನಿ ಬಂದರೆ ಇಟ್ಟುಕೊಳ್ಳುತ್ತಾಳೆ. ಬದ್ ಎಂದರೆ ಮಾತಿಲ್ಲದೆ ಪಕ್ಕಕ್ಕೆ ಸರಿಸುತ್ತಾಳೆ. ಕೂದಲೆಳೆಯಷ್ಟು ಬಿರುಕು ಅವಳ ಕಣ್ಣಿಗೆ ಕಾಣದು, ಕಿವಿಗೆ ತಿಳಿಯುತ್ತದೆ. ದೊಡ್ಡ ಗುಡಾಣವಾದರೆ ದನಿ ತಗ್ಗು, ಪುಟ್ಟ ಕುಡಿಕೆಯಾದರೆ ಏರು. ತಟ್ಟಿದ ಬೆರಳು ಯಾರದು ಎಂಬುದು ಆ ದನಿಯಲ್ಲಿ ಇರುವುದಿಲ್ಲ. ಇರುವುದು ಮಡಕೆಯ ಮಣ್ಣು, ಅದರ ಗಾತ್ರ, ಅದರ ಸಾಚಾತನ. ಅಂಗೈಯಿಂದ ಮೆಲ್ಲಗೆ ಸವರಿದರೆ ಮಡಕೆ ಏನನ್ನೂ ಹೇಳುವುದಿಲ್ಲ ಎಂಬುದೂ ಅವಳಿಗೆ ಗೊತ್ತು.

ನ್ಯೂಯಾರ್ಕಿನಲ್ಲಿ ನಾಸಾದ ಬಾಹ್ಯಾಕಾಶ ಅಧ್ಯಯನ ಸಂಸ್ಥೆಯಲ್ಲಿದ್ದ ವಿಶ್ವೇಶ್ವರರು ಕಂಪ್ಯೂಟರಿನ ಲೆಕ್ಕದಲ್ಲಿ ಮಾಡಿದ್ದು ಹೆಚ್ಚುಕಡಿಮೆ ಇದನ್ನೇ. ಗುರುತ್ವದ ಅಲೆಗಳನ್ನು ಕಪ್ಪುಕುಳಿಯ ಮೇಲೆ ಬೀಸಿದರು. ಅಲೆ ಅಗಲವಾಗಿದ್ದಾಗ ಅದು ಕುಳಿಯ ಮೇಲೆ ಹಾದುಹೋಗಿ ಹೋದ ಹಾಗೆಯೇ ಹಿಂತಿರುಗಿತು, ಸುದ್ದಿಯನ್ನೇನೂ ತರಲಿಲ್ಲ. ಅಲೆಯನ್ನು ಕಿರಿದು ಮಾಡುತ್ತ ಹೋದರು. ಅದು ಕುಳಿಯ ಗಾತ್ರಕ್ಕೆ ಸಮೀಪಿಸಿದಾಗ ಹಿಂತಿರುಗಿದ ಅಲೆಯಲ್ಲಿ ಏರಿಳಿತ ಕಾಣಿಸಿತು: ಒಂದು ನಿಶ್ಚಿತ ಕಂಪನ, ಬೇಗ ಬೇಗ ಕುಗ್ಗಿ ನಿಶ್ಶಬ್ದವಾಗುವ ಕಂಪನ. ಇನ್ನೂ ಕಿರಿದು ಮಾಡಿದರೂ ಆ ಕಂಪನ ಬದಲಾಗಲಿಲ್ಲ. ಏಕೆಂದರೆ ಅದು ತಾಗಿದ ಅಲೆಯ ಗುಣವಲ್ಲ, ತಾಗಿಸಿಕೊಂಡ ಕುಳಿಯ ಗುಣ. ಅದರ ತೂಕ, ಅದರ ತಿರುಗುವಿಕೆ ಎರಡನ್ನೂ ಆ ಕಂಪನದಿಂದ ತಿಳಿಯಬಹುದು. 1970ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅವರ ಚಿಕ್ಕ ಲೇಖನ ಪ್ರಕಟವಾಯಿತು. ಲೋಕದಲ್ಲಿ ಯಾರೂ ಕೇಳಿರದ ಒಂದು ನಾದ ಹೇಗಿರುತ್ತದೆಂದು ಅಲ್ಲಿ ಬರೆದಿತ್ತು.

ನಾವು ಸ್ಥಿರತೆ ಎಂದು ಯಾವುದನ್ನು ಕರೆಯುತ್ತೇವೆ? ಕೆಲಸ ಕಾಯಂ ಆದರೆ ಬದುಕು ಸ್ಥಿರವಾಯಿತು ಎನ್ನುತ್ತೇವೆ. ನಾಲೆಯ ಪಕ್ಕದಲ್ಲಿ ಎರಡು ಎಕರೆ ಇದ್ದರೆ, ಊರಿನಲ್ಲಿ ಸ್ವಂತ ಮನೆ ಎದ್ದರೆ, ಮಕ್ಕಳು ದಡ ಸೇರಿದರೆ ಸ್ಥಿರ ಎನ್ನುತ್ತೇವೆ. ಅಂದರೆ ಏನೂ ಅಲುಗದಂತೆ ಸುತ್ತ ಗೋಡೆ ಎಬ್ಬಿಸಿಕೊಳ್ಳುವುದು. ಆದರೆ ಅಲುಗದ ವಸ್ತುವಿನ ಬಗ್ಗೆ ಯಾರಿಗೆ ಏನು ತಿಳಿದೀತು? ಎಂದೂ ಪೆಟ್ಟು ತಿನ್ನದವನು ಗಟ್ಟಿಗನೋ ಟೊಳ್ಳೋ ಎಂಬುದು ಅವನಿಗೂ ಗೊತ್ತಿರುವುದಿಲ್ಲ, ನಮಗೂ ಗೊತ್ತಾಗುವುದಿಲ್ಲ. ಮೂರು ವರ್ಷ ಸಾಲಾಗಿ ಮಳೆ ಕೈಕೊಟ್ಟ ಮೇಲೂ ನಾಲ್ಕನೆಯ ವರ್ಷ ಬಿತ್ತನೆ ಬೀಜ ಕಾದಿಟ್ಟುಕೊಂಡ ನಾಗಮಂಗಲದ ರೈತನನ್ನು ನಾವು ಬಲ್ಲೆವು. ಅವನು ಅಲುಗಲಿಲ್ಲವೇ? ಅಲುಗಿದ, ಚೆನ್ನಾಗಿಯೇ ಅಲುಗಿದ. ಆ ಅಲುಗಾಟ ಅವನಲ್ಲಿ ಬೆಳೆಯಲಿಲ್ಲ, ಕುಗ್ಗಿತು. ಅವನು ತನ್ನ ಹದಕ್ಕೆ ಮರಳಿದ.

ಇಲ್ಲಿ ಒಂದು ಎಚ್ಚರಿಕೆ ಬೇಕು. ವಿಜ್ಞಾನದ ಫಲಿತಾಂಶವನ್ನು ನೀತಿಪಾಠಕ್ಕೆ ತಿರುಗಿಸುವ ಚಪಲ ನಮ್ಮಲ್ಲಿ ಬಹಳ. ಸಮೀಕರಣಗಳು ಬದುಕುವುದನ್ನು ಕಲಿಸುವುದಿಲ್ಲ. ಕಪ್ಪುಕುಳಿಗೆ ತಾಳ್ಮೆಯೂ ಇಲ್ಲ, ಧೈರ್ಯವೂ ಇಲ್ಲ. ಅದಕ್ಕೆ ಶೀಲವನ್ನು ಆರೋಪಿಸಿದರೆ ನಾವು ವಿಜ್ಞಾನಕ್ಕೂ ಅನ್ಯಾಯ ಮಾಡುತ್ತೇವೆ, ಶೀಲಕ್ಕೂ ಅನ್ಯಾಯ ಮಾಡುತ್ತೇವೆ. ಕಲಿಯುವುದಿದ್ದರೆ ಆ ಸಮೀಕರಣಗಳನ್ನು ಬರೆದ ಮನುಷ್ಯರಿಂದ ಕಲಿಯಬೇಕು. ಅವರ ಬದುಕಿಗೂ ಪೆಟ್ಟು ಬಿದ್ದಿತ್ತು; ಆಗ ಅವರು ಏನು ಮಾಡಿದರು?

ಸುಬ್ರಹ್ಮಣ್ಯನ್ ಚಂದ್ರಶೇಖರರನ್ನೇ ನೋಡಿ. 1930ರಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ, ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ ಕುಳಿತು ಅವರು ಒಂದು ಲೆಕ್ಕ ಮಾಡಿದರು: ಒಂದು ಮಿತಿಗಿಂತ (ಇಂದಿನ ಲೆಕ್ಕದಲ್ಲಿ ಸೂರ್ಯನ ಸುಮಾರು 1.4 ಪಟ್ಟು) ಹೆಚ್ಚು ತೂಕವಿರುವ ಶ್ವೇತಕುಬ್ಜ ನಕ್ಷತ್ರ ತನ್ನ ಭಾರವನ್ನು ತಾನೇ ತಾಳಲಾರದು. 1935ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯ ಸಭೆಯಲ್ಲಿ ಆರ್ಥರ್ ಎಡಿಂಗ್ಟನ್ ಎದ್ದು ನಿಂತು ಆ ವಿಚಾರವನ್ನು ಅಸಂಬದ್ಧವೆಂದು ಹಂಗಿಸಿದರು. ಆ ಕಾಲದ ಅತ್ಯಂತ ದೊಡ್ಡ ಖಗೋಳವಿಜ್ಞಾನಿಯ ಬಾಯಿಂದ, ತುಂಬಿದ ಸಭೆಯಲ್ಲಿ, ಇಪ್ಪತ್ತನಾಲ್ಕರ ಹುಡುಗನಿಗೆ ಬಿದ್ದ ಪೆಟ್ಟು ಅದು. ಮುರಿದುಹೋಗಬಹುದಿತ್ತು, ಜಗಳಕ್ಕೆ ನಿಲ್ಲಬಹುದಿತ್ತು. ಚಂದ್ರಶೇಖರರು ತಮಗೆ ತಿಳಿದಷ್ಟನ್ನು 1939ರಲ್ಲಿ ಒಂದು ಗ್ರಂಥವಾಗಿ ಬರೆದಿಟ್ಟು, ಬೇರೊಂದು ವಿಷಯವನ್ನು ಕೈಗೆತ್ತಿಕೊಂಡರು. ಎಡಿಂಗ್ಟನ್ನರ ಬಗ್ಗೆ ಕಹಿ ಬೆಳೆಸಿಕೊಳ್ಳಲಿಲ್ಲ. ಮುಂದೆ, ಅರವತ್ತು ದಾಟಿದ ಮೇಲೆ, ಕಪ್ಪುಕುಳಿಗಳ ಗಣಿತದತ್ತಲೇ ತಿರುಗಿದರು. ವಿಶ್ವೇಶ್ವರರು ಕಂಡ ಕಂಪನಗಳನ್ನು 1975ರಲ್ಲಿ ಸ್ಟೀವನ್ ಡೆಟ್‌ವೈಲರ್ ಜೊತೆ ಸೇರಿ ನಿಖರವಾಗಿ ಲೆಕ್ಕ ಹಾಕಿದವರಲ್ಲಿ ಅವರೂ ಒಬ್ಬರು. 1983ರಲ್ಲಿ ನೊಬೆಲ್ ಬಂತು. ಆ ಪ್ರಶಸ್ತಿಗಿಂತ ನಮ್ಮ ಮನಸ್ಸಿನಲ್ಲಿ ನಿಲ್ಲಬೇಕಾದದ್ದು 1935ರಿಂದ 1939ರವರೆಗಿನ ನಾಲ್ಕು ವರ್ಷ. ಅವಮಾನವನ್ನು ಕೆಲಸವಾಗಿ ಕರಗಿಸಿದ ವರ್ಷಗಳು ಅವು.

ವಿಶ್ವೇಶ್ವರರಿಗೆ ಬಿದ್ದದ್ದು ಅಂಥ ಪೆಟ್ಟಲ್ಲ. ಅವರನ್ನು ಯಾರೂ ಹಂಗಿಸಲಿಲ್ಲ. ಅವರ ಪಾಲಿಗೆ ಬಂದದ್ದು ಮೌನ. ಲೇಖನ ಬಂದದ್ದು 1970ರಲ್ಲಿ. ಆ ನಾದವನ್ನು ಕೇಳುವ ಉಪಕರಣ ಆಗ ಇರಲಿಲ್ಲ. ಹತ್ತು ವರ್ಷ ಕಳೆಯಿತು, ಇಪ್ಪತ್ತು ಕಳೆಯಿತು, ಮೂವತ್ತು, ನಲವತ್ತು. ಪೆಟ್ಟನ್ನು ತಾಳಿಕೊಳ್ಳುವವರು ಲೋಕದಲ್ಲಿ ಸಾಕಷ್ಟಿದ್ದಾರೆ. ಮೌನವನ್ನು ತಾಳಿಕೊಳ್ಳುವವರು ಎಷ್ಟು ಮಂದಿ? ಇವತ್ತು ಮಾಡಿದ್ದಕ್ಕೆ ಸಂಜೆಯೊಳಗೆ ಶಹಬ್ಬಾಸ್ ಬರದಿದ್ದರೆ ನಮ್ಮ ಮನಸ್ಸು ಮುದುಡುತ್ತದೆ. ನಲವತ್ತೈದು ವರ್ಷ ಉತ್ತರ ಬಾರದ ಪ್ರಶ್ನೆಯೊಂದಿಗೆ ಒಬ್ಬ ಮನುಷ್ಯ ಹೇಗೆ ಬಾಳಿದರು?

ಅವರು ಕಾಯುತ್ತ ಕೂರಲಿಲ್ಲ, ಅದೇ ಉತ್ತರ. 1976ರಲ್ಲಿ ಬೆಂಗಳೂರಿಗೆ ಮರಳಿ ರಾಮನ್ ಸಂಶೋಧನಾ ಸಂಸ್ಥೆ ಸೇರಿದರು. ಅಲ್ಲಿ ಗುರುತ್ವದ ಅಧ್ಯಯನಕ್ಕೆ ಒಂದು ಬಳಗ ಬೆಳೆಯಿತು. ಅದೇ ಸಂಸ್ಥೆಯ ಬಾಲಾ ಅಯ್ಯರ್ ಮುಂದೆ ಜೋಡಿ ಕಾಯಗಳು ಸುತ್ತುತ್ತ ಹತ್ತಿರವಾಗುವಾಗ ಏಳುವ ಅಲೆಗಳ ಲೆಕ್ಕದಲ್ಲಿ ಜಗತ್ತಿಗೆ ಬೇಕಾದವರಾದರು. ವಿಶ್ವೇಶ್ವರರು ಆಮೇಲೆ ಭಾರತೀಯ ಖಭೌತ ಸಂಸ್ಥೆಗೆ ಹೋದರು. ಇವೆಲ್ಲ ಒಬ್ಬ ವಿಜ್ಞಾನಿಯ ಜೀವನದಲ್ಲಿ ನಿರೀಕ್ಷಿಸಬಹುದಾದದ್ದೇ. ನಿರೀಕ್ಷಿಸದೇ ಇದ್ದದ್ದು ಇನ್ನೊಂದು. 1989ರಲ್ಲಿ ಬೆಂಗಳೂರಿನ ಹೈಗ್ರೌಂಡ್ಸ್‌ನಲ್ಲಿ ಜವಾಹರಲಾಲ್ ನೆಹರೂ ತಾರಾಲಯ ತೆರೆದಾಗ, ಐನ್‌ಸ್ಟೈನ್ ಸಮೀಕರಣಗಳ ತುತ್ತತುದಿಯಲ್ಲಿ ಕೆಲಸ ಮಾಡುತ್ತಿದ್ದ ಈ ಮನುಷ್ಯ ಅದರ ಸ್ಥಾಪಕ ನಿರ್ದೇಶಕರಾದರು. ಶಾಲೆಯ ಮಕ್ಕಳು ಸಾಲಾಗಿ ಬಂದು ಕತ್ತಲಲ್ಲಿ ಕತ್ತೆತ್ತಿ ಕೂರುವ ಜಾಗಕ್ಕೆ ಅವರು ತಮ್ಮ ಒಳ್ಳೆಯ ವರ್ಷಗಳನ್ನು ಕೊಟ್ಟರು. ಅದರೊಂದಿಗೆ ಬೆಳೆದ ಬೆಂಗಳೂರು ವಿಜ್ಞಾನ ಶಿಕ್ಷಣ ಸಂಘದಲ್ಲಿ ಸಣ್ಣ ಮಕ್ಕಳಿಗೆ, ಹೈಸ್ಕೂಲಿನವರಿಗೆ, ಕಾಲೇಜಿನವರಿಗೆ ಬೇರೆ ಬೇರೆ ತರಗತಿಗಳು ನಡೆದವು. ಅಲ್ಲಿಗೆ ವಾರದ ಕೊನೆಗೆ ಬಂದು ಭೌತಶಾಸ್ತ್ರ ಕಲಿತ ಹುಡುಗ ಹುಡುಗಿಯರು ಇವತ್ತು ಸಂಶೋಧಕರಾಗಿದ್ದಾರೆ. ವಿಶ್ವೇಶ್ವರರು ವ್ಯಂಗ್ಯಚಿತ್ರವನ್ನೂ ಬರೆಯುತ್ತಿದ್ದರು. ಸಮ್ಮೇಳನಗಳ ಗಂಭೀರ ಸಂಪುಟಗಳಲ್ಲೂ ಅವರ ಗೆರೆಗಳಿವೆ. ಸ್ನಾನದ ತೊಟ್ಟಿಯ ನೊರೆಗುಳ್ಳೆಯಿಂದ ಕಪ್ಪುಕುಳಿಯವರೆಗೆ ಸಾಮಾನ್ಯ ಓದುಗರನ್ನು ಕರೆದೊಯ್ಯುವ ಪುಸ್ತಕವನ್ನೂ 2006ರಲ್ಲಿ ಹೊರತಂದರು.

ಇದು ಬಿಡುವಿನ ಕೆಲಸವೇ? ದೊಡ್ಡ ವಿಜ್ಞಾನಿಗಳು ಮಕ್ಕಳಿಗೆ ಹೇಳಿಕೊಡುವುದನ್ನು ಔದಾರ್ಯವೆಂದು ನಾವು ಹೊಗಳುತ್ತೇವೆ. ಅದು ಔದಾರ್ಯದ ಮಾತೇ ಅಲ್ಲ, ಜ್ಞಾನ ಬದುಕಿ ಉಳಿಯುವ ಮಾತು. ಇದನ್ನು ಅರಿಯಲು ಶ್ರೀರಂಗಪಟ್ಟಣಕ್ಕಿಂತ ಬೇರೆ ಊರು ಬೇಕಿಲ್ಲ. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಇಲ್ಲಿನ ಕಸುಬುದಾರರು ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ ಹಾರಿಸುತ್ತಿದ್ದ ರಾಕೆಟ್ಟುಗಳಿಗೆ ಆಗಿನ ಲೋಕದಲ್ಲಿ ಸಾಟಿ ಇರಲಿಲ್ಲ. ಬಿದಿರಿನ ಅಥವಾ ಕಾಗದದ ಕೊಳವೆ ತಾಳದ ಒತ್ತಡವನ್ನು ಕಬ್ಬಿಣ ತಾಳುತ್ತದೆ, ಅದರಿಂದ ರಾಕೆಟ್ಟು ಹೆಚ್ಚು ದೂರ ಹೋಗುತ್ತದೆ ಎಂಬುದನ್ನು ಅವರು ಕೈಯಿಂದ ಮಾಡಿ ಕಲಿತಿದ್ದರು. 1799ರ ಮೇ 4ರಂದು ಕೋಟೆ ಬಿತ್ತು. ರಾಕೆಟ್ಟುಗಳು ಇಂಗ್ಲೆಂಡಿನ ವುಲಿಚ್‌ಗೆ ಹೋದವು. ವಿಲಿಯಂ ಕಾಂಗ್ರೀವ್ ಅವುಗಳ ಜಾಡು ಹಿಡಿದು ತನ್ನ ರಾಕೆಟ್ಟುಗಳನ್ನು ಕಟ್ಟಿದ. ಇಲ್ಲಿ ಏನು ಉಳಿಯಿತು? ಆ ಕೊಳವೆಗಳನ್ನು ಬಡಿದವರ ಹೆಸರು ಒಂದಾದರೂ ನಮಗೆ ಗೊತ್ತೇ? ಅವರ ವಿದ್ಯೆ ಅವರ ಮೊಮ್ಮಕ್ಕಳಿಗೆ ಬಂತೇ? ಅರಸನ ಆಯುಧವಾಗಿದ್ದ ವಿದ್ಯೆ ಅರಸನೊಂದಿಗೇ ಮುಗಿಯಿತು. ಅದು ಊರಿನ ಮಕ್ಕಳ ಕುತೂಹಲವಾಗಿ ಬೆಳೆದಿದ್ದರೆ ಕೋಟೆ ಬಿದ್ದರೂ ಉಳಿಯುತ್ತಿತ್ತು. ಕೋಟೆಗೆ ಬಿದ್ದ ಪೆಟ್ಟಿನಿಂದ ಊರು ಚೇತರಿಸಿಕೊಂಡಿತು. ಶ್ರೀರಂಗನಾಥನ ಗುಡಿಯಲ್ಲಿ ಪೂಜೆ ನಡೆದೇ ಇದೆ, ಸಂಗಮದಲ್ಲಿ ಜನ ಮೀಯುತ್ತಲೇ ಇದ್ದಾರೆ. ವಿದ್ಯೆ ಮಾತ್ರ ಚೇತರಿಸಿಕೊಳ್ಳಲಿಲ್ಲ. ಈ ನಷ್ಟವನ್ನು ನಾವು ಸ್ಮಾರಕಗಳ ಮುಂದೆ ನಿಂತಾಗ ನೆನೆಯುವುದೇ ಇಲ್ಲ, ನೆನೆಯಬೇಕು.

ತಾರಾಲಯದ ಕತ್ತಲಲ್ಲಿ ಕೂತ ಹತ್ತು ವರ್ಷದ ಮಗುವಿಗೆ ನಕ್ಷತ್ರ ತೋರಿಸುವುದು ಆ ನಷ್ಟಕ್ಕೆ ಕೊಟ್ಟ ಜವಾಬು ಎಂದೇ ನಮಗೆ ಅನ್ನಿಸುತ್ತದೆ. ವಿಶ್ವೇಶ್ವರರು ಹಾಗೆಂದು ಹೇಳಿದ್ದರು ಎಂದಲ್ಲ. ಅವರ ಕೆಲಸವನ್ನು ಶ್ರೀರಂಗಪಟ್ಟಣದ ಈ ದ್ವೀಪದಲ್ಲಿ ನಿಂತು ನೋಡುವ ನಮಗೆ ಹಾಗೆ ಕಾಣುತ್ತದೆ. ತಮ್ಮ ಲೆಕ್ಕ ನಿಜವೆಂದು ತಾವಿರುವಾಗಲೇ ಸಾಬೀತಾಗುತ್ತದೆ ಎಂಬ ಭರವಸೆ ಅವರಿಗೆ ಯಾರೂ ಕೊಟ್ಟಿರಲಿಲ್ಲ. ಆದರೆ ಅದನ್ನು ಮುಂದೆ ಕೇಳಿಸಿಕೊಳ್ಳಬಲ್ಲ ಕಿವಿಗಳನ್ನು ಸಿದ್ಧಮಾಡುವುದು ಅವರ ಕೈಯಲ್ಲಿತ್ತು. ಅದನ್ನು ಮಾಡಿದರು.

ಕೊನೆಗೂ ಉತ್ತರ ಬಂತು. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಹ್ಯಾನ್‌ಫರ್ಡ್ ಮತ್ತು ಲಿವಿಂಗ್‌ಸ್ಟನ್‌ಗಳಲ್ಲಿರುವ, ಗುರುತ್ವದ ಅಲೆಗಳನ್ನು ಹಿಡಿಯುವ ಲೈಗೋ ಉಪಕರಣಗಳ ನಾಲ್ಕು ಕಿಲೋಮೀಟರ್ ಉದ್ದದ ತೋಳುಗಳು ಪ್ರೋಟಾನಿನ ಸಾವಿರದಲ್ಲೊಂದು ಪಾಲಿನಷ್ಟು ನಡುಗಿದವು. ಸುಮಾರು 130 ಕೋಟಿ ವರ್ಷಗಳ ಹಿಂದೆ, ಸೂರ್ಯನ 36 ಪಟ್ಟು ಮತ್ತು 29 ಪಟ್ಟು ತೂಕದ ಎರಡು ಕಪ್ಪುಕುಳಿಗಳು ಒಂದಾಗಿ, 62 ಪಟ್ಟು ತೂಗುವ ಒಂದೇ ಕುಳಿಯಾಗಿದ್ದವು. ಮೂರು ಸೂರ್ಯರಷ್ಟು ತೂಕ ಅಲೆಯಾಗಿ ಹೊರಟು ನಮ್ಮನ್ನು ತಲುಪಿತ್ತು. ಹೊಸದಾಗಿ ಹುಟ್ಟಿದ ಆ ಕುಳಿ ಅಲುಗಿ ಅಲುಗಿ ಶಾಂತವಾದ ಕೊನೆಯ ಕ್ಷಣ, ಸೆಕೆಂಡಿಗೆ ಸುಮಾರು 250 ಕಂಪನ, ಸೆಕೆಂಡಿನ ಸಾವಿರ ಪಾಲಿನಲ್ಲಿ ಕೆಲವೇ ಪಾಲಿನೊಳಗೆ ಕುಗ್ಗಿದ ಆ ನಾದ, 1970ರ ಲೇಖನದಲ್ಲಿ ಬರೆದಿದ್ದ ಬಗೆಯದೇ ಆಗಿತ್ತು. 2016ರ ಫೆಬ್ರವರಿ 11ರಂದು ಪ್ರಕಟವಾದ ಪ್ರಬಂಧ ಆ ಹಳೆಯ ಲೇಖನವನ್ನು ಹೆಸರಿಸಿತು. ವಿಶ್ವೇಶ್ವರರಿಗೆ ಆಗ ಎಪ್ಪತ್ತೇಳು ವರ್ಷ. ಒಂದು ವರ್ಷ ತುಂಬುವ ಮೊದಲೇ, 2017ರ ಜನವರಿ 16ರಂದು, ಅವರು ತೀರಿಕೊಂಡರು.

ಅದೃಷ್ಟವಂತರು ಎನ್ನುತ್ತೇವೆ. ಉತ್ತರವನ್ನು ಕಣ್ಣಾರೆ ಕಂಡು ಹೋದರು ಎನ್ನುತ್ತೇವೆ. ನಿಜ. ಆದರೆ ಉತ್ತರ ಹತ್ತು ವರ್ಷ ತಡವಾಗಿ ಬಂದಿದ್ದರೆ ಅವರ ಬದುಕು ಕಡಿಮೆಯಾಗುತ್ತಿತ್ತೇ? ಈ ಪ್ರಶ್ನೆಯನ್ನು ನಾವು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಏಕೆಂದರೆ ನಮ್ಮಲ್ಲಿ ಬಹುಪಾಲು ಜನರಿಗೆ ಉತ್ತರ ಕಾಣುವ ಭಾಗ್ಯ ಇರುವುದಿಲ್ಲ. ತೆಂಗಿನ ಸಸಿ ನೆಟ್ಟ ಅಜ್ಜ ಎಳನೀರು ಕುಡಿಯಲಿಲ್ಲ. ಮೇಷ್ಟ್ರು ತಿದ್ದಿದ ಹುಡುಗ ಏನಾದನೆಂದು ಮೇಷ್ಟ್ರಿಗೆ ತಿಳಿಯಲಿಲ್ಲ. ಲೆಕ್ಕ ಸರಿಯಾಗಿದ್ದರೆ ಅದು 1970ರಲ್ಲಿಯೂ ಸರಿಯಾಗಿಯೇ ಇತ್ತು. ಲೋಕ ಕೇಳಿಸಿಕೊಂಡದ್ದು ತಡವಾಯಿತು, ಅಷ್ಟೆ.

ಕತೆ ಅಲ್ಲಿಗೇ ನಿಂತಿಲ್ಲ. 2025ರ ಜನವರಿ 14ರಂದು, ನಮ್ಮ ಹೊತ್ತಿನ ಲೆಕ್ಕದಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಕೆಲವೇ ನಿಮಿಷ ಮೊದಲು, ಇನ್ನೊಂದು ಜೋಡಿ ಕಪ್ಪುಕುಳಿಗಳ ಅಲೆ ಭೂಮಿಯನ್ನು ದಾಟಿಹೋಯಿತು. ಅದು ಸಂಕ್ರಾಂತಿಯ ದಿನ. ನಮ್ಮ ಹಳ್ಳಿಗಳಲ್ಲಿ ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಸಂಜೆಯ ಕಿಚ್ಚು ಹಾಯಿಸಲು ಹುಲ್ಲು ಹೊಂದಿಸುತ್ತಿದ್ದ ಹೊತ್ತು. ಆ ಅಲೆ ನಮ್ಮ ಮೈಯೊಳಗಿಂದ, ಎತ್ತಿನ ಮೈಯೊಳಗಿಂದ, ಕಾವೇರಿಯ ನೀರಿನೊಳಗಿಂದ ಹಾದುಹೋಯಿತು, ಯಾರಿಗೂ ತಿಳಿಯಲಿಲ್ಲ. ಅಷ್ಟು ಸ್ಪಷ್ಟವಾಗಿ ಕೇಳಿದ ಅಲೆ ಅದಕ್ಕೂ ಮೊದಲು ದಾಖಲಾಗಿರಲಿಲ್ಲ. ಆ ಹೊಸ ಕುಳಿ ಶಾಂತವಾಗುವಾಗ ಹೊಮ್ಮಿದ ಕಂಪನದಲ್ಲಿ ಒಂದಲ್ಲ, ಕಡೇಪಕ್ಷ ಎರಡು ಸ್ವರಗಳನ್ನು ಬೇರೆ ಬೇರೆಯಾಗಿ ಗುರುತಿಸಲಾಯಿತು. ತಟ್ಟಿ ಕೇಳುವ ವಿದ್ಯೆ ಈಗ ಒಂದು ಶಾಸ್ತ್ರವಾಗಿ ಬೆಳೆದಿದೆ.

ಆಕಾಶವನ್ನು ಕುರಿತು ನಮಗಿರುವ ಇನ್ನೊಂದು ಬಗೆಯ ತಿಳಿವಳಿಕೆಯನ್ನು ಇಲ್ಲಿ ಹೇಳದೆ ಮುಂದೆ ಹೋಗಲು ಮನಸ್ಸು ಒಪ್ಪುತ್ತಿಲ್ಲ. ಮೂಲಾ ನಕ್ಷತ್ರದಲ್ಲಿ ಹುಟ್ಟಿದ ಹುಡುಗಿ ಮಾವನಿಗೆ ಆಗಿಬರುವುದಿಲ್ಲ ಎಂಬ ಮಾತು ನಮ್ಮ ಊರುಗಳಲ್ಲಿ ಇನ್ನೂ ಸತ್ತಿಲ್ಲ. ಜಾತಕ ತಿರುಗಿಸಿ ಕಳಿಸಿದ್ದನ್ನು, ಆ ಮನೆಯಲ್ಲಿ ಕವಿದ ಮಂಕನ್ನು ನಾವು ಕಂಡಿದ್ದೇವೆ. ಆ ಮೂಲಾ ನಕ್ಷತ್ರದ ಆಸುಪಾಸಿನ ದಿಕ್ಕಿನಲ್ಲೇ, ಸುಮಾರು 27,000 ಜ್ಯೋತಿರ್ವರ್ಷ ದೂರದಲ್ಲಿ, ನಮ್ಮ ಆಕಾಶಗಂಗೆಯ ಕೇಂದ್ರವಿದೆ. ಅಲ್ಲಿ ಸೂರ್ಯನ 40 ಲಕ್ಷ ಪಟ್ಟಿಗೂ ಹೆಚ್ಚು ತೂಕದ ಒಂದು ಕಪ್ಪುಕುಳಿ ಕುಳಿತಿದೆ. 2022ರ ಮೇ ತಿಂಗಳಲ್ಲಿ ಅದರ ನೆರಳಿನ ಚಿತ್ರ ಲೋಕಕ್ಕೆ ಕಂಡಿತು. ಸೂರ್ಯ, ನಮ್ಮ ಭೂಮಿ, ಈ ನಾಲ್ಕು ತಾಲ್ಲೂಕು, ಜಾತಕ ಬರೆದವರು, ತಿರಸ್ಕರಿಸಿದವರು ಎಲ್ಲರೂ ಸುತ್ತುತ್ತಿರುವುದು ಆ ಕೇಂದ್ರವನ್ನೇ. ಆ ದಿಕ್ಕನ್ನು ನೋಡಿ ಬೆರಗಾಗಬೇಕಾದ ನಾವು, ಅದರ ಹೆಸರು ಹೇಳಿ ಒಂದು ಹೆಣ್ಣುಮಗುವಿನ ಬದುಕಿಗೆ ಕಲ್ಲು ಹಾಕುವುದು ಯಾವ ನ್ಯಾಯ? ವಿಶ್ವೇಶ್ವರರ ಮಡದಿ ಸರಸ್ವತಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದವರು; ಮಗಳು ಸ್ಮಿತಾ ಅಮೆರಿಕದಲ್ಲಿ ಭೌತವಿಜ್ಞಾನಿ. ನಮ್ಮ ಮನೆಗಳ ಹೆಣ್ಣುಮಕ್ಕಳಿಗೂ ಆಕಾಶ ಹೆದರಿಕೆಯಾಗದೆ ಪಾಠವಾಗಿ ಸಿಕ್ಕಬೇಕು.

ಹಾಗಾದರೆ ನಾವು ಮಾಡಬಹುದಾದದ್ದೇನು? ದೊಡ್ಡದೇನೂ ಬೇಡ. ವೈಶಾಖದ ಅಮಾವಾಸ್ಯೆಯ ಒಂದು ರಾತ್ರಿ, ಮೋಡವಿಲ್ಲದಿದ್ದರೆ, ನಡುರಾತ್ರಿ ಕಳೆದ ಮೇಲೆ ಮೇಲುಕೋಟೆಯ ಬೆಟ್ಟದ ಮಗ್ಗುಲಿಗೋ, ಪಾಂಡವಪುರದ ಕುಂತಿಬೆಟ್ಟದ ಬುಡಕ್ಕೋ, ಊರಿನ ದೀಪ ಬೀಳದ ಯಾವುದಾದರೂ ಹೊಲದ ಬದುವಿಗೋ ಮಕ್ಕಳನ್ನು ಕರೆದೊಯ್ದು ದಕ್ಷಿಣದ ಕಡೆ ಕತ್ತೆತ್ತಿಸಿ. ಆಕಾಶಗಂಗೆ ದಟ್ಟವಾಗಿ ಕಾಣುವ ಜಾಗವನ್ನು ಬೆರಳಿಟ್ಟು ತೋರಿಸಿ. ಮಕ್ಕಳು ಪ್ರಶ್ನೆ ಕೇಳುತ್ತಾರೆ. ನಮಗೆ ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದೇ ಹೇಳೋಣ. ಜಿ.ಟಿ. ನಾರಾಯಣರಾಯರಂಥವರು ಮೈಸೂರಿನಲ್ಲಿ ಕುಳಿತು ನಕ್ಷತ್ರಗಳ ಬಗ್ಗೆ, ಚಂದ್ರಶೇಖರರ ಬಗ್ಗೆ ಕನ್ನಡದಲ್ಲೇ ಬರೆದಿದ್ದಾರೆ. ಪಾಲಹಳ್ಳಿ ವಿಶ್ವನಾಥರಂಥ ಖಭೌತವಿಜ್ಞಾನಿಗಳು ಕನ್ನಡದಲ್ಲೇ ಬರೆದಿದ್ದಾರೆ. ಶಾಲೆಯ ಕಪಾಟಿನಲ್ಲಿ ಆ ಪುಸ್ತಕಗಳು ಇರಲಿ, ಕಪಾಟಿನ ಬೀಗ ತೆಗೆದಿರಲಿ.

ನಮ್ಮ ನಾಲ್ಕು ತಾಲ್ಲೂಕುಗಳ ಹೈಸ್ಕೂಲು ಮೇಷ್ಟ್ರುಗಳಲ್ಲಿ, ಮೇಡಮ್ಮುಗಳಲ್ಲಿ ಒಂದು ವಿನಂತಿ. ಪ್ರತಿ ವರ್ಷ ಶೈಕ್ಷಣಿಕ ಪ್ರವಾಸಕ್ಕೆ ಬೆಂಗಳೂರಿಗೆ ಹೋಗುತ್ತೀರಿ. ವಿಧಾನಸೌಧ, ಲಾಲ್‌ಬಾಗ್ ತೋರಿಸುತ್ತೀರಿ. ವಿಧಾನಸೌಧದಿಂದ ತಾರಾಲಯಕ್ಕೆ ಹೆಚ್ಚು ದೂರವಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರದವರಿಗೆ ರೈಲಿದೆ, ನಾಗಮಂಗಲದವರಿಗೆ ಬೆಳ್ಳೂರು ಕ್ರಾಸಿನ ದಾರಿಯಿದೆ, ಕೆ.ಆರ್. ಪೇಟೆಯಿಂದ ಬೆಳಗ್ಗೆ ಬೇಗ ಹೊರಟರೆ ಸಾಕು. ಈ ಸಲದ ಪ್ರವಾಸದ ಪಟ್ಟಿಯಲ್ಲಿ ಅದರ ಹೆಸರನ್ನೂ ಬರೆಯಿರಿ. ಒಳಗೆ ಹೋಗುವ ಮೊದಲು ಮಕ್ಕಳಿಗೆ ವಿಶ್ವೇಶ್ವರ ಎಂಬ ಹೆಸರನ್ನು ಹೇಳಿ.